ತಡವಾದರೆ ಒಂದು ಅಂಕ

ಆನ್‌ಲೈನ್ ತರಗತಿಯಲ್ಲಿ ಮೇಡಂ ಅವರ ಮುಖಕ್ಕಿಂತ ಹೆಚ್ಚಾಗಿ ಕಾಣುತ್ತಿದ್ದುದು ಅವರ ಎಡಗಿವಿ. ಬಲಗಿವಿ ಕೇಳುತ್ತಿರಲಿಲ್ಲ. ಹಾಗಾಗಿ ವಿದ್ಯಾರ್ಥಿ ಯಾರೇ ಬಾಯಿ ತೆರೆಯಲಿ, ಅವರು ಕುತ್ತಿಗೆ ಹೊರಳಿಸಿ ಎಡಗಿವಿಯನ್ನು ಫೋನಿನ ಸಮೀಪಕ್ಕೆ ತಂದುಬಿಡುತ್ತಿದ್ದರು. ಆಗ ಅರವತ್ತು ಮಂದಿಯ ಪರದೆಯ ಮೇಲೂ ಒಂದು ದೊಡ್ಡ ಕಿವಿ, ಅದರಲ್ಲೊಂದು ಬಿಳಿ ಹರಳಿನ ಬೆಂಡೋಲೆ, ಕಿವಿಯ ಹಿಂದೆ ಸಿಕ್ಕಿಸಿದ ನರೆಗೂದಲು, ದೂರದ ಗೋಡೆಯಲ್ಲಿ ಬುದ್ಧನ ಪಟ. ಅಷ್ಟೇ ಕಾಣುವುದು. ಹೊಸದಾಗಿ ಸೇರಿದವರಿಗೆ ನಗು ತಡೆಯಲಾಗುತ್ತಿರಲಿಲ್ಲ. ಏಕಸಂಬಿಯ ಹಾಲಿನ ಡೇರಿಯಲ್ಲಿ ಕೆಲಸ ಮಾಡುವವನೊಬ್ಬ ಧೈರ್ಯ ಮಾಡಿ, "ಮೇಡಂರಿ, ನಿಮ್ಮ ಕ್ಯಾಮೆರಾ ಸೊಟ್ಟ ಆಗೇತ್ರಿ" ಅಂದಿದ್ದ.

"ಕ್ಯಾಮೆರಾ ಸರೀನ ಐತಿ ತಮ್ಮಾ. ನಿನ್ನ ಮಾತು ಕೇಳಾಕತ್ತೀನಿ. ಕೇಳೋ ಮುಂದ ಮುಖದ್ದು ಏನ್ ಕೆಲಸ ಐತಿ, ನೀನ ಹೇಳು" ಅಂದರು ಮೇಡಂ.

ಕಿವಿಯ ಕಥೆಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಅದೂ ಚಹಾ ಸೋಸುತ್ತ. ರಾಯಬಾಗದ ಕಡೆಯ ಹಳ್ಳಿ. ಅಪ್ಪ ಅವ್ವ ಇಬ್ಬರೂ ಕಂಡವರ ಹೊಲದಲ್ಲಿ ಕಬ್ಬು ಕಡಿಯುವವರು. ನಾಲ್ಕೈದು ವರ್ಷದ ಹುಡುಗಿಗೆ ಕಿವಿ ಸೋರತೊಡಗಿದಾಗ ಪಕ್ಕದ ಮನೆಯ ಮುದುಕಿ ಎಣ್ಣೆ ಕಾಸಿ ಬಿಟ್ಟಳಂತೆ. "ಮುದುಕಿ ಪ್ರೀತೀಲೇನ ಬಿಟ್ಟಿದ್ಲು. ಎಣ್ಣಿ ಜರಾ ಹೆಚ್ಚ ಬಿಸಿ ಇತ್ತು, ಅಷ್ಟ" ಅಂದು ನನ್ನ ಕೈಗೆ ಲೋಟ ಕೊಟ್ಟರು. ಆ ಮುದುಕಿಯ ಮೇಲೆ ಅವರಿಗೆ ಎಳ್ಳಷ್ಟೂ ಸಿಟ್ಟಿರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಆ ಮುದುಕಿಯನ್ನು ಸಾಯುವ ತನಕ ಬೈದುಕೊಂಡು ತಿರುಗುತ್ತಿದ್ದೆ. ನನ್ನ ಸ್ವಭಾವವೇ ಅಂಥದ್ದು, ಮುಂದೆ ನಿಮಗೇ ಗೊತ್ತಾಗುತ್ತದೆ.

ನಾನು ತೆಲಸಂಗದವನು. ಚಿಕ್ಕೋಡಿಯ ಕಾಲೇಜಿಗೆ ಅತಿಥಿ ಉಪನ್ಯಾಸಕನಾಗಿ ಬಂದಾಗ ಕೊರೋನಾ ಮುಗಿದಿತ್ತು, ಆದರೆ ಅದು ಕಲಿಸಿಹೋದ ಆನ್‌ಲೈನ್ ಪಾಠ ಉಳಿದುಕೊಂಡಿತ್ತು. ದುಡಿಯುವವರಿಗೆಂದು ಕಾಲೇಜು ಗ್ರಾಮೀಣಾಭಿವೃದ್ಧಿಯಲ್ಲಿ ಒಂದು ವರ್ಷದ ಡಿಪ್ಲೊಮಾ ಶುರು ಮಾಡಿತ್ತು. ಪಾಠ ಪರೀಕ್ಷೆ ಎಲ್ಲವೂ ಫೋನಿನಲ್ಲೇ. ಅಥಣಿಯ ದ್ರಾಕ್ಷಿ ಬೆಳೆಗಾರರು, ಕಾಗವಾಡದ ಅಂಗಡಿಯವರು, ನಿಪ್ಪಾಣಿಯ ಬೀಡಿ ಕಟ್ಟುವ ಹೆಣ್ಣುಮಕ್ಕಳು, ಕಬ್ಬೂರಿನ ರೈತರು, ಹೀಗೆ ಎಲ್ಲ ಥರದವರೂ ಸೇರಿದ್ದರು. ವಿಭಾಗದ ಮುಖ್ಯಸ್ಥೆ ಮೇಡಂ. ಅವರ ಕೈಕೆಳಗೆ ನಾನೊಬ್ಬನೇ. ಕಂಪ್ಯೂಟರು ನನಗೆ ನೀರು ಕುಡಿದಷ್ಟು ಸುಲಭ, ಅವರಿಗೆ ಫೋನಿನಲ್ಲಿ ಫೋಟೋ ಹುಡುಕುವುದೂ ಕಷ್ಟ. ಈ ಮುದುಕಿಯನ್ನು ನಾನೇ ನಡೆಸಬೇಕು ಅಂದುಕೊಂಡೇ ಸೇರಿದೆ.

ಕೊನೆಯ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಮಾಡಲು ನನಗೇ ಹೇಳಿದರು. ನಾನು ಎರಡು ದಿನ ಕುಳಿತು ಪತ್ರಿಕೆ ತಯಾರಿಸಿದೆ. ಗ್ರಾಮೀಣಾಭಿವೃದ್ಧಿ ಎಂದರೇನು, ಅದರ ಉದ್ದೇಶಗಳನ್ನು ವಿವರಿಸಿ, ಹೀಗೆ. ಮೇಡಂ ಅದನ್ನು ಓದಿ ತಮ್ಮ ಫೋನು ನನ್ನ ಕಡೆ ಚಾಚಿದರು.

"ನಿನ್ನ ಮೊದಲನೇ ಪ್ರಶ್ನಿ ಇದಕ್ಕ ಕೇಳು."

ಕೇಳಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅದರಲ್ಲಿದ್ದ ಎಐ ಒಂದೂವರೆ ಪುಟದ ಉತ್ತರ ಕೊಟ್ಟಿತು, ಉಪಶೀರ್ಷಿಕೆ ಸಮೇತ.

"ಫೋನು ಪಾಸಾತು. ಇದರ ಹೆಸರೀಲೆ ಸರ್ಟಿಫಿಕೇಟ್ ಬರಿಯೂನೇನು?"

ನನಗೆ ಕೋಪ ಬಂತು. ಹಾಗಾದರೆ ನೀವೇ ಮಾಡಿ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಅವರು ನಿಜಕ್ಕೂ ತಾವೇ ಮಾಡಿದರು, ಆದರೆ ಕುರ್ಚಿಯಲ್ಲಿ ಕುಳಿತಲ್ಲ. ಒಂದು ವಾರ ತಮ್ಮದೊಂದು ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡು ತಿರುಗಿದರು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಕೇಳಿದರು, ಸಂತೆಯಲ್ಲಿ ಕೊತ್ತಂಬರಿ ಮಾರುವವಳಿಗೆ ಕೇಳಿದರು. ಜನ ಹೇಳಿದ ಉತ್ತರ ನೋಡಿಕೊಂಡು ಪ್ರಶ್ನೆಯನ್ನು ತಿದ್ದಿದರು. ಕೊನೆಗೆ ನಿಂತ ಪ್ರಶ್ನೆ ಇದು: ನಿಮ್ಮ ಓಣಿಯಲ್ಲಿ ಎಲ್ಲರೂ ಸೇರಿ ಬಳಸುವ ಒಂದು ವಸ್ತುವನ್ನು ಆರಿಸಿಕೊಳ್ಳಿ. ಅದನ್ನು ನಿಜವಾಗಿ ನೋಡಿಕೊಳ್ಳುವವರು ಯಾರು? ಅದು ಕೆಟ್ಟರೆ ಮೊದಲು ತೊಂದರೆ ಯಾರಿಗೆ? ಯಾಕೆ?

ಮೊದಲ ಪರೀಕ್ಷೆ ನನಗೇ ಆಯಿತು. ನಮ್ಮ ಓಣಿಯ ಬೇವಿನ ಕಟ್ಟೆ ಅಂದೆ.

"ಅದನ್ನ ದಿನಾ ಯಾರ ಗುಡಸ್ತಾರ?"

ಹುಟ್ಟಿದಾಗಿನಿಂದ ಆ ಕಟ್ಟೆಯ ಮೇಲೆ ಕೂತವನು ನಾನು. ಅದು ಯಾವಾಗಲೂ ಸ್ವಚ್ಛವಾಗಿಯೇ ಇರುತ್ತಿತ್ತು. ಗುಡಿಸುವವರು ಯಾರು ಅನ್ನುವುದು ಮಾತ್ರ ಗೊತ್ತಿರಲಿಲ್ಲ.

"ನೀನ ಫೇಲ್ ಆದೆಲ್ಲೋ ತಮ್ಮಾ" ಅಂದು ನಕ್ಕರು. ನಾನೂ ನಗಬೇಕಾಯಿತು. ಆ ವಾರ ಊರಿಗೆ ಹೋದಾಗ ಮೊದಲು ಅವ್ವನಿಗೆ ಕೇಳಿದ್ದು ಅದನ್ನೇ.

ಅಂಕ ಕೊಡುವುದಕ್ಕೂ ಅವರದೇ ಕ್ರಮ. ಒಂದೊಂದು ಉತ್ತರಕ್ಕೆ ಹತ್ತು ಅಂಕ. ಕಣ್ಣಿಟ್ಟು ನೋಡಿದ್ದಕ್ಕೆ ನಾಲ್ಕು, ಕಾರಣ ಹುಡುಕಿದ್ದಕ್ಕೆ ಮೂರು, ತನ್ನ ಮಾತಿನಲ್ಲಿ ಹೇಳಿದ್ದಕ್ಕೆ ಎರಡು, ಹೊತ್ತಿಗೆ ಸರಿಯಾಗಿ ಕಳಿಸಿದ್ದಕ್ಕೆ ಒಂದು. ಕೊನೆಯದರ ವಿಷಯದಲ್ಲಿ ನಮಗೆ ಜಗಳವೇ ಆಯಿತು. ಕಬ್ಬೂರಿನ ರೈತನೊಬ್ಬ ಕಬ್ಬು ಕಡಿಯುವ ಗಡಿಬಿಡಿಯಲ್ಲಿ ಒಂಬತ್ತು ದಿನ ತಡವಾಗಿ ಉತ್ತರ ಕಳಿಸಿದ. ತೆಗೆದುಕೊಳ್ಳುವುದೇ ಬೇಡ ಅಂತ ನನ್ನ ವಾದ.

"ತಡಾ ಆದ್ರ ಒಂದ ಅಂಕ ಹೋಗತೈತಿ" ಅಂದರು ಮೇಡಂ. "ಒಂದ ತಾಸು ಆಗಲಿ, ಒಂಬತ್ತ ದಿನಾ ಆಗಲಿ, ಒಂದ ಅಂಕ. ಬರಲಿಲ್ಲ ಅಂದ್ರಷ್ಟ ಸೊನ್ನಿ."

"ಹಿಂಗಾದ್ರ ಯಾರೂ ಹೊತ್ತಿಗಿ ಸರಿಯಾಗಿ ಕಳಸೂದಿಲ್ರಿ."

"ಒಂದ ಅಂಕದ ಆಸೆ ನಿನಗ ಗೊತ್ತಿಲ್ಲ. ನೀ ಯಾವತ್ತೂ ಒಂದ ಅಂಕಕ್ಕ ಫೇಲ್ ಆದಾವಲ್ಲ."

ಇನ್ನೊಂದು ಕಟ್ಟಳೆಯಿತ್ತು, ಐದು ನಿಮಿಷದ ಫೋನು. ಉತ್ತರ ಓದಿ ಅಂಕ ಗುರುತು ಮಾಡಿಕೊಂಡ ಮೇಲೆ, ಅದನ್ನು ಗಟ್ಟಿ ಮಾಡುವ ಮೊದಲು, ಪ್ರತಿಯೊಬ್ಬ ವಿದ್ಯಾರ್ಥಿಗೂ ಫೋನ್ ಮಾಡಬೇಕು. ಅರವತ್ತರಲ್ಲಿ ಮೂವತ್ತು ಅವರಿಗೆ, ಮೂವತ್ತು ನನಗೆ. ಮೇಡಂ ಒಂದು ಉದ್ದನೆಯ ರಿಜಿಸ್ಟರು ಹಾಕಿಕೊಂಡು, ಗೋಡೆ ಗಡಿಯಾರ ಎದುರಿಗಿಟ್ಟುಕೊಂಡು ಕೂರುತ್ತಿದ್ದರು. ಮೊದಲು "ಊಟಾ ಆತೇನು" ಅಂತ ಕೇಳುವುದು, ಬೆಳಗಿನ ಎಂಟು ಗಂಟೆಯಾಗಿದ್ದರೂ ಅದೇ. ಆಮೇಲೆ, "ನೀವು ಬರದದ್ದನ್ನ ನನಗ ಹೇಳ್ರಿ. ಓದಬ್ಯಾಡ್ರಿ, ಹೇಳ್ರಿ." ಫೋನಿನಿಂದ ಎತ್ತಿ ಬರೆದವರು ಅರ್ಧ ನಿಮಿಷಕ್ಕೆ ತೊದಲುತ್ತಿದ್ದರು. ತಾವೇ ಬರೆದವರನ್ನು ಐದು ನಿಮಿಷಕ್ಕೆ ನಿಲ್ಲಿಸುವುದು ಕಷ್ಟವಾಗುತ್ತಿತ್ತು. ದ್ರಾಕ್ಷಿ ಒಣಗಿಸುವ ಶೆಡ್ಡಿನ ಬಗ್ಗೆ ಅಥಣಿಯ ಒಬ್ಬ ಮುಕ್ಕಾಲು ಗಂಟೆ ಮಾತಾಡಿದ್ದ. ಮೇಡಂ ಅವರ ಕಿವಿ ಫೋನಿನ ಕಾವಿಗೆ ಕೆಂಪಾಗಿತ್ತು.

ಈಗ ನನ್ನ ತಪ್ಪಿಗೆ ಬರುತ್ತೇನೆ.

ನನ್ನ ಪಾಲಿನ ಮೂವತ್ತರಲ್ಲಿ ನಿಪ್ಪಾಣಿಯ ಇಬ್ಬರು ಹೆಣ್ಣುಮಕ್ಕಳಿದ್ದರು. ಒಂದೇ ಓಣಿಯವರು, ಇಬ್ಬರೂ ಬೀಡಿ ಕಟ್ಟುವವರು, ಅಕ್ಕ ತಂಗಿ ಅಂತಲೇ ಕರೆದುಕೊಳ್ಳುವವರು. ಒಬ್ಬಳಿಗೆ ನಲವತ್ತರ ಹತ್ತಿರ, ಇನ್ನೊಬ್ಬಳು ಇಪ್ಪತ್ತೈದು ದಾಟಿದವಳು. ಹಿರಿಯಾಕೆ ತರಗತಿಯಲ್ಲಿ "ಹೌದ್ರಿ ಮೇಡಂ" ಅನ್ನುವುದರ ಹೊರತು ಎರಡನೆಯ ಮಾತಾಡಿದವಳಲ್ಲ. ವರ್ಷದ ನಡುವಿನ ಪರೀಕ್ಷೆಗಳೆಲ್ಲ ಸರಿ ಉತ್ತರದ ಮೇಲೆ ಬೆರಳೊತ್ತುವಂಥವು. ಅವುಗಳಲ್ಲಿ ಇಬ್ಬರಿಗೂ ಒಳ್ಳೆಯ ಅಂಕ ಬಂದಿತ್ತು. ಕೊನೆಯ ಪರೀಕ್ಷೆಯಲ್ಲಿ ಮಾತ್ರ ಉದ್ದ ಬರೆಯಬೇಕಿತ್ತು.

ಇಬ್ಬರ ಉತ್ತರಗಳೂ ಒಂದೇ ಬೆಳಿಗ್ಗೆ, ಸ್ವಲ್ಪ ಹೊತ್ತಿನ ಅಂತರದಲ್ಲಿ ಬಂದವು. ಇಬ್ಬರೂ ಓಣಿಯ ನಲ್ಲಿಯ ಬಗ್ಗೆಯೇ ಬರೆದಿದ್ದರು. ಎರಡನೆಯದನ್ನು ಓದುತ್ತಿದ್ದ ಹಾಗೆ ನನ್ನ ಹುಬ್ಬು ಮೇಲೇರಿತು. ವಾಕ್ಯಕ್ಕೆ ವಾಕ್ಯ ಅದೇ. ನಲ್ಲಿ ಕೆಟ್ಟರೆ ಮೊದಲು ತೊಂದರೆ ನೀರಿಲ್ಲದವರಿಗಲ್ಲ, ನಲ್ಲಿಯ ಎದುರಿಗೆ ಮನೆ ಇದ್ದವರಿಗೆ, ಯಾಕೆಂದರೆ ಜಗಳವೆಲ್ಲ ಅವರ ಬಾಗಿಲಿಗೇ ಬರುತ್ತದೆ ಅನ್ನುವ ಮಾತು ಎರಡರಲ್ಲೂ ಅಕ್ಷರಶಃ ಇತ್ತು. ಉತ್ತರ ಚೆನ್ನಾಗಿದೆ ಅನ್ನುವುದೇ ನನ್ನ ಸಿಟ್ಟಿಗೆ ತುಪ್ಪ ಸುರಿಯಿತು. ಬೀಡಿ ಕಟ್ಟುವ ಹೆಂಗಸರು ಇಂಥ ಮಾತು ಯೋಚಿಸಿ ಬರೆಯುವುದುಂಟೇ, ಯಾರದೋ ಎತ್ತಿಕೊಂಡಿದ್ದಾರೆ ಅಂದುಕೊಂಡೆ. ಹಾಗೆ ಅಂದುಕೊಂಡದ್ದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಎರಡಕ್ಕೂ ದಪ್ಪನೆಯ ಸೊನ್ನೆ ಎಳೆದೆ. ಕಳ್ಳರನ್ನು ಹಿಡಿದ ಪೊಲೀಸಿನವನ ಹಾಗೆ ಖುಷಿಯೂ ಆಯಿತು.

ಉಳಿದ ಇಪ್ಪತ್ತೆಂಟು ಮಂದಿಗೆ ಫೋನ್ ಮಾಡಿದೆ. ಈ ಇಬ್ಬರಿಗೆ ಮಾಡಲಿಲ್ಲ. ಸೊನ್ನೆ ಬಂದವರ ಹತ್ತಿರ ಮಾತಾಡುವುದೇನಿದೆ, ಸುಮ್ಮನೆ ಅಳು ಕೇಳಬೇಕಾಗುತ್ತದೆ ಅಂತ ಬಿಟ್ಟೆ.

ಪಟ್ಟಿಯನ್ನು ಮೇಡಂ ಮುಂದಿಟ್ಟಾಗ ಅವರ ಬೆರಳು ನೇರವಾಗಿ ಆ ಎರಡು ಸೊನ್ನೆಗಳ ಮೇಲೆ ನಿಂತಿತು.

"ಎಲ್ಲಾರಿಗೂ ಫೋನ್ ಆತೇನು?"

"ಆತ್ರಿ."

"ಇವ್ರಿಬ್ಬರಿಗೂ?"

"ಮಾಡೀನ್ರಿ ಮೇಡಂ. ಎತ್ತಲಿಲ್ರಿ."

ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ನಾನೇ ಕ್ಷಣಕಾಲ ಅದನ್ನು ನಂಬಿದೆ.

"ಇಬ್ಬರೂ ಎತ್ತಲಿಲ್ಲ?"

"ಇಲ್ರಿ."

"ಹಂಗಾರ ನಾಳಿ ಮುಂಜಾನಿ ಮನಿಗಿ ಬಾ. ಇಬ್ರೂ ಕೂಡೇ ಮಾಡೂನು" ಅಂದರು.

ಮರುದಿನ ಹೋಗಿ ಅವರ ಮನೆಯ ಪಡಸಾಲೆಯಲ್ಲಿ ಕುಳಿತೆ. ಮೇಡಂ ಹಿರಿಯಾಕೆಯ ನಂಬರು ಒತ್ತಿ ಎಡಗಿವಿಗೆ ಹಿಡಿದರು. ಮೊದಲ ರಿಂಗಿಗೇ ಆಕೆ ಎತ್ತಿದಳು. "ಊಟಾ ಆತೇನವಾ?" ಅಂದ ಮೇಡಂ ಆಮೇಲೆ ಸುಮ್ಮನೆ ಕೇಳಿಸಿಕೊಂಡರು. ಆ ಕಡೆಯಿಂದ ಏನು ಬಂತೋ ನನಗೆ ಕೇಳಲಿಲ್ಲ. ಅವರು ಒಮ್ಮೆ, ಒಂದೇ ಒಮ್ಮೆ, ನನ್ನ ಕಡೆ ನೋಡಿ ಮತ್ತೆ ಗಡಿಯಾರದ ಕಡೆ ತಿರುಗಿದರು.

"ಬರದದ್ದನ್ನ ಹೇಳ್ರಿ. ಓದಬ್ಯಾಡ್ರಿ" ಅಂದರು ಮೇಡಂ. ಮೇಡಂ ಕಾದರು. ಒಂದು ನಿಮಿಷವಾದ ಮೇಲೆ ಬಹಳ ಮೆತ್ತಗೆ, "ಮರಾಠೀತ ಸಾಂಗಾ, ಚಾಲತಯ" ಅಂದರು. ಮರಾಠಿಯಲ್ಲೇ ಹೇಳಿ, ನಡೆಯುತ್ತದೆ. ಹಾಗಂದು ಫೋನನ್ನು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟು, "ನೀನೂ ಕೇಳು" ಅಂತ ನನಗೆ ಸನ್ನೆ ಮಾಡಿದರು.

ವರ್ಷವಿಡೀ "ಹೌದ್ರಿ ಮೇಡಂ" ಅಂದವಳ ಬಾಯಿಂದ ಮಾತು ಧಾರಾಳವಾಗಿ ಹೊರಬಿತ್ತು. ನಲ್ಲಿಗೆ ಬಟ್ಟೆ ಕಟ್ಟುವವರು ಯಾರು, ಅದನ್ನು ತೊಳೆಯುವವರು ಯಾರು, ಸರದಿ ತಪ್ಪಿದಾಗ ಯಾರ ಕೊಡ ಹಿಂದೆ ಹೋಗುತ್ತದೆ, ಎಲ್ಲ ಹೇಳಿದಳು. ಪ್ಲಂಬರನಿಗೆ ಹೇಳಿ ಕಳಿಸಿದರೆ ಬರುವುದಿಲ್ಲ, ಓಣಿಯಲ್ಲಿ ಜಗಳವಾಗಿದೆ ಅಂತ ಸುದ್ದಿ ಹೋದರೆ ನೋಡಲಿಕ್ಕಾದರೂ ಬರುತ್ತಾನೆ, ಅದಕ್ಕೇ ಎರಡು ಸಲ ಬೇಕೆಂದೇ ಜಗಳ ತೆಗೆದೆವು ಅಂದಳು. ಮೇಡಂ ಬಾಯಿಗೆ ಸೆರಗು ಹಿಡಿದು ನಕ್ಕರು. ನಾನೂ ಗಡಿನಾಡಿನವನೇ, ಮರಾಠಿ ನನಗೆ ತಿಳಿಯುತ್ತದೆ. ಅವಳು ಹೇಳಿದ್ದರಲ್ಲಿ ಅರ್ಧದಷ್ಟೂ ಆ ಉತ್ತರಪತ್ರಿಕೆಯಲ್ಲಿ ಇರಲಿಲ್ಲ.

ಹಾಗಾದರೆ ಎರಡು ಪತ್ರಿಕೆ ಒಂದೇ ಥರ ಯಾಕಿವೆ ಅಂತ ಮೇಡಂ ಕೇಳಿದರು. ಆಕೆ ಮುಚ್ಚಿಡಲಿಲ್ಲ. ಶಾಲೆಯೆಲ್ಲ ಮರಾಠಿಯಲ್ಲಿ ಆದದ್ದು, ಕನ್ನಡ ಓದಲು ಬರುತ್ತದೆ, ಬರೆಯಲು ಕೈ ಓಡುವುದಿಲ್ಲ. ಬೀಡಿ ಕಟ್ಟುತ್ತ ಕುಳಿತಾಗ ಇಬ್ಬರೂ ಸೇರಿ ಯೋಚಿಸಿದೆವು, ನಾನು ಹೇಳಿದೆ, ತಂಗಿ ಕನ್ನಡದಲ್ಲಿ ಬರೆದಳು, ದೊಡ್ಡ ಫೋನು ಇರುವುದೂ ಅವಳದೊಂದೇ ಅಂದಳು. ಆಮೇಲೆ ಬಹಳ ಸಹಜವಾಗಿ, "ದೋಘೀಂಚಾ ನಳ ಏಕಚ್ ಹಾಯ್ ಮೇಡಂ, ಉತ್ತರಂ ದೋನ್ ಕುಠನಂ ಆಣೂ?" ಅಂತ ಕೇಳಿದಳು. ಇಬ್ಬರದೂ ನಲ್ಲಿ ಒಂದೇ, ಉತ್ತರ ಎರಡು ಎಲ್ಲಿಂದ ತರಲಿ?

ಮೇಡಂ ರಿಜಿಸ್ಟರಿನಲ್ಲಿ ಅದನ್ನು ಹಾಗೆಯೇ ಬರೆದುಕೊಂಡರು.

ಎರಡನೆಯ ಫೋನು ಕಿರಿಯಾಕೆಗೆ. ಅಕ್ಕ ಆಗಲೇ ಸುದ್ದಿ ಮುಟ್ಟಿಸಿದ್ದಳೇನೋ, ಅವಳು ಅಳುತ್ತಿದ್ದಳು. "ನಂದ ಕಳೀರಿ ಮೇಡಂ, ಅಕ್ಕಂದ ಬ್ಯಾಡ್ರಿ" ಅಂದಳು. ಅಕ್ಕನಿಗೆ ತಂಬಾಕಿನ ಧೂಳಿಗೆ ಕೆಮ್ಮು ಹತ್ತಿದೆ, ಇನ್ನು ಬೀಡಿ ಎಲೆ ಮುಟ್ಟಬೇಡ ಅಂದಿದ್ದಾರೆ ಡಾಕ್ಟರು. ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಮೇಲ್ವಿಚಾರಕಿ ಕೆಲಸ ಕೊಡಲು ಒಪ್ಪಿದ್ದಾರೆ, ಜೂನ್ ಒಳಗೆ ಈ ಡಿಪ್ಲೊಮಾದ ಕಾಗದ ತೋರಿಸಬೇಕು. ಇದು ತಪ್ಪಿದರೆ ಅಕ್ಕ ಮತ್ತೆ ಆ ಧೂಳಿನಲ್ಲೇ ಕೂರಬೇಕು. ಇಷ್ಟನ್ನೂ ಬಿಕ್ಕುತ್ತಲೇ ಹೇಳಿದಳು. ನಾನು ಬಾಗಿಲ ಹೊರಗೆ ಬಿಟ್ಟ ನನ್ನ ಚಪ್ಪಲಿ ನೋಡುತ್ತ ಕುಳಿತಿದ್ದೆ.

ಮೇಡಂ ಅವಳನ್ನು ಸಮಾಧಾನ ಮಾಡಲಿಲ್ಲ. "ಅಳೂದು ಆಮ್ಯಾಲ. ನಲ್ಲಿ ಎದುರಿಗಿರೋ ಮನಿ ಯಾರ್ದು, ಅದನ್ನ ಹೇಳು" ಅಂದರು.

"ನಮ್ದರಿ."

"ಮತ್ತ ಜಗಳ ಬಾಗಿಲಿಗಿ ಬರತಾವು ಅಂದಾಕಿ?"

"ನಾನ್ರಿ. ಅಕ್ಕ ಅದನ್ನ ಉತ್ತರದಾಗ ಹಾಕು ಅಂದ್ಲ್ರಿ."

ಫೋನಿಟ್ಟ ಮೇಲೆ ಮೇಡಂ ಆ ಎರಡು ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಮತ್ತೊಮ್ಮೆ ಓದಿದರು. ಆಮೇಲೆ ನನಗೆ ಹೇಳಿದ ಮಾತನ್ನು ನಾನು ಈಗಲೂ ಪ್ರತಿ ಪರೀಕ್ಷೆಯ ಹೊತ್ತಿಗೆ ನೆನೆಯುತ್ತೇನೆ. "ಇವ್ರು ಕದ್ದಿಲ್ಲ ತಮ್ಮಾ, ಹಂಚಿಕೊಂಡಾರ. ಹೇಳದ ಹಂಚಿಕೊಂಡಾರ, ಅದು ತಪ್ಪು. ಹೇಳದಿದ್ದಕ್ಕ ಅಂಕ ಕಳಿ. ತಿಳದದ್ದಕ್ಕ ಅಂಕ ಕೊಡು." ಪತ್ರಿಕೆಗಳನ್ನು ಮಡಚಿಡುತ್ತ ಅಂದರು, "ಫೋನಿನ ಬಾಯಿ ಮುಚ್ಚಸಬೇಕಂತ ನಾ ಪ್ರಶ್ನಿ ಮಾಡಿದ್ನಿ. ಈಕಿ ಬಾಯೂ ಮುಚ್ಚಿಸಿಬಿಟ್ಟಿದ್ನಿ ನೋಡು."

ಅದು ಅಷ್ಟಕ್ಕೇ ಮುಗಿಯುವ ವಿಷಯವಾಗಿರಲಿಲ್ಲ. ಒಂದೇ ಥರದ ಎರಡು ಪತ್ರಿಕೆ ಬಂದರೆ ಎರಡೂ ರದ್ದು ಅನ್ನುವುದು ಪರೀಕ್ಷಾ ಸಮಿತಿಯ ನಿಯಮ. ನನ್ನ ಸೊನ್ನೆಗಳು ಆಗಲೇ ಕಂಪ್ಯೂಟರಿನಲ್ಲಿ ಏರಿಯೂ ಇದ್ದವು, ಅಷ್ಟು ಅವಸರ ನನಗೆ. ಮೇಡಂ ಸಮಿತಿಗೆ ಒಂದು ಪುಟದ ಪತ್ರ ಬರೆದರು. ಕಲಿಯುವವರು ಯಾವ ಭಾಷೆಯಲ್ಲಿ ಶಾಲೆ ಓದಿದವರು ಎಂದು ವಿಚಾರಿಸದೆ ಪತ್ರಿಕೆ ರೂಪಿಸಿದ್ದೇನೆ, ಸರಿಯಾಗಿ ವಿಚಾರಿಸದೆ ನಮ್ಮ ವಿಭಾಗ ಸೊನ್ನೆ ಕೊಟ್ಟಿದೆ, ಎರಡಕ್ಕೂ ಹೊಣೆ ನಾನೇ, ಇಬ್ಬರಿಗೂ ಬೇರೆ ಬೇರೆ ಪ್ರಶ್ನೆ ಕೊಟ್ಟು ಬಾಯಿಮಾತಿನ ಪರೀಕ್ಷೆ ಮಾಡಲು ಅನುಮತಿ ಬೇಕು. ಕೆಳಗೆ ಅವರ ಸಹಿ. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ಪತ್ರವನ್ನು ಟೈಪ್ ಮಾಡಿದವನು ನಾನೇ. "ಸರಿಯಾಗಿ ವಿಚಾರಿಸದೆ" ಅನ್ನುವ ಮಾತು ಟೈಪ್ ಮಾಡುವಾಗ ಬೆರಳು ನಿಂತವು. ಹೇಳಿಬಿಡು ಅಂತ ಮನಸ್ಸು ಅಂದಿತು. ಬಾಯಿ ತೆರೆಯಲಿಲ್ಲ. ಅತಿಥಿ ಉಪನ್ಯಾಸಕನ ಕೆಲಸ ಪ್ರತಿ ವರ್ಷ ಹೊಸದಾಗಿ ಸಿಗಬೇಕು, ಆ ಹೆದರಿಕೆ ಒಂದು. ಅವರ ಕಣ್ಣಿನಲ್ಲಿ ಸಣ್ಣವನಾಗಿಬಿಡುತ್ತೇನೆ ಅನ್ನುವುದು ಅದಕ್ಕಿಂತ ದೊಡ್ಡ ಹೆದರಿಕೆ.

ಸಮಿತಿ ಒಪ್ಪಿತು. ಹಿರಿಯಾಕೆ ಬೀಡಿ ಕಟ್ಟಲು ಎಲ್ಲರೂ ಕೂರುವ ಜಗಲಿಯ ಬಗ್ಗೆ ಮರಾಠಿಯಲ್ಲಿ ಹೇಳಿದಳು, ಕಿರಿಯಾಕೆ ಹಿಟ್ಟಿನ ಗಿರಣಿಯ ಬಗ್ಗೆ ಕನ್ನಡದಲ್ಲಿ. ಹೇಳದೆ ಹಂಚಿಕೊಂಡದ್ದಕ್ಕೆ, ತನ್ನ ಮಾತಿಗಿದ್ದ ಎರಡು ಅಂಕ ಇಬ್ಬರಿಗೂ ಹೋದವು. ಉಳಿದವು ಬಂದವು. ಇಬ್ಬರೂ ಪಾಸಾದರು. ಜೂನ್ ಮೊದಲ ವಾರ ಹಿರಿಯಾಕೆ ಹಾಸ್ಟೆಲಿನಿಂದ ಮೇಡಂ ಅವರಿಗೆ ಫೋನ್ ಮಾಡಿ ಮೊದಲು ಕೇಳಿದ್ದು, "ಊಟಾ ಆತೇನ್ರಿ ಮೇಡಂ?" ಅಂತಲೇ ಅಂತೆ.

ಆದರೆ ತಪ್ಪನ್ನು ಕಾಗದದ ಮೇಲೆ ಒಪ್ಪಿಕೊಂಡವರನ್ನು ಸುಮ್ಮನೆ ಬಿಡುವುದು ಹೇಗೆ. ಮುಂದಿನ ವರ್ಷ ಪರೀಕ್ಷೆಯ ಜವಾಬ್ದಾರಿಯನ್ನು ಕಾಲೇಜಿನವರು ಮೇಡಂ ಕೈಯಿಂದ ತೆಗೆದರು. ಅದು ಅವರ ನಿವೃತ್ತಿಯ ವರ್ಷ. ಮೂವತ್ತು ವರ್ಷ ಪ್ರಶ್ನೆಗಳನ್ನು ಬಾಯಲ್ಲಿಟ್ಟುಕೊಂಡು ತಿರುಗಿದವರಿಗೆ ಕೊನೆಯ ವರ್ಷ ಒಂದು ಪ್ರಶ್ನೆಯನ್ನೂ ಕೇಳುವ ಅಧಿಕಾರ ಉಳಿಯಲಿಲ್ಲ. ಆ ಜವಾಬ್ದಾರಿ ಯಾರಿಗೆ ಬಂತು ಅಂತೀರಿ? ನನಗೆ. ಮೇಡಂ ನಗುತ್ತಲೇ ಉದ್ದನೆಯ ರಿಜಿಸ್ಟರನ್ನು ನನ್ನ ಕೈಗಿತ್ತು, "ಐದ ನಿಮಿಷ ಅಂದ್ರ ಐದ ನಿಮಿಷ. ಅಥಣಿಯವ್ರನ್ನ ಮಾತ್ರ ಗಡಿಯಾರ ತೋರಿಸಿ ನಿಲ್ಲಸು" ಅಂದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಿವೃತ್ತಿಯ ನಂತರ ಅವರು ಚಿಕ್ಕೋಡಿಯಲ್ಲಿಯೇ ತಂಗಿಯ ಜೊತೆ ಇದ್ದರು. ನಾನು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಪ್ರತಿ ಸಲ ಹೇಳಬೇಕೆಂದೇ ಹೋಗುವುದು, ಹೇಳದೆಯೇ ಬರುವುದು. ಅಷ್ಟರಲ್ಲಿ ಎಡಗಿವಿಯೂ ಮಂದವಾಗತೊಡಗಿತು. ಮೊದಲು ಗಟ್ಟಿಯಾಗಿ ಮಾತಾಡಿದರೆ ಕೇಳುತ್ತಿತ್ತು, ಆಮೇಲೆ ಕಿವಿಗೆ ಬಾಯಿ ಹಚ್ಚಿದರೆ ಕೇಳುತ್ತಿತ್ತು, ಕೊನೆಗೆ ಅದೂ ನಿಂತಿತು. ಜೊತೆಗೆ ಕಿಡ್ನಿಯ ತೊಂದರೆ. ಹಾಸಿಗೆ ಹಿಡಿದರು. ನನ್ನ ಧೈರ್ಯ ಕೂಡುವ ಹೊತ್ತಿಗೆ ಕೇಳಿಸಿಕೊಳ್ಳುವ ಕಿವಿಯೇ ಹೋಗಿತ್ತು.

ಒಂದು ಮಧ್ಯಾಹ್ನ ಹೋದಾಗ ತಲೆದಿಂಬಿನ ಪಕ್ಕದಿಂದ ನೋಟುಬುಕ್ಕು ತೆಗೆದು ನನ್ನ ತೊಡೆಯ ಮೇಲಿಟ್ಟರು. "ಏನ್ ಹೇಳೂದೈತಿ ಇದರಾಗ ಬರಿ ತಮ್ಮಾ. ನಂದೂ ಈಗ ಬರಿಯೋ ಪರೀಕ್ಷೆನ ಆಗೇತಿ."

ನಾನು ಬರೆದೆ. ಮೇಡಂ, ಅವತ್ತು ಆ ಇಬ್ಬರಿಗೂ ನಾನು ಫೋನ್ ಮಾಡಿರಲಿಲ್ಲ. ಎತ್ತಲಿಲ್ಲ ಅಂತ ನಿಮಗೆ ಸುಳ್ಳು ಹೇಳಿದೆ. ಪತ್ರದಲ್ಲಿ ಇರಬೇಕಾಗಿದ್ದ ಹೆಸರು ನನ್ನದು. ನಿಮ್ಮ ಕೊನೆಯ ವರ್ಷವನ್ನು ನಾನು ಹಾಳು ಮಾಡಿದೆ. ಬರೆಯುತ್ತ ಅಕ್ಷರಗಳು ಸೊಟ್ಟಪಟ್ಟ ಆದವು. ಪುಸ್ತಕ ಅವರ ಕೈಗೆ ಕೊಟ್ಟು ಕಿಟಕಿಯ ಕಡೆ ಮುಖ ಮಾಡಿದೆ.

ಅವರು ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ಓದುವ ಹಾಗೆಯೇ, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು ಓದಿದರು. ಎರಡು ಸಲ ಓದಿದರು.

"ಗೊತ್ತಿತ್ತು" ಅಂದರು. "ಫೋನ್ ಎತ್ತಿದ ಕೂಡ್ಲೆ ಅಕಿ ಹೇಳಿದ್ಲು. ಎಂಟ ದಿನದಿಂದ ನಿಮ್ಮ ಫೋನಿನ ಹಾದಿ ನೋಡಾಕತ್ತೀನ್ರಿ ಮೇಡಂ, ಎಲ್ಲಾರಿಗೂ ಬಂತು, ನಮಗಷ್ಟ ಬರಲಿಲ್ಲ ಅಂತ."

ಪುಸ್ತಕ ಇಸಿದುಕೊಂಡು ಬರೆದೆ: ಮತ್ತೆ ಯಾಕೆ ನನ್ನನ್ನು ಕೇಳಲಿಲ್ಲ?

"ಎರಡ ಸಲಾ ಕೇಳಿದ್ನೆಲ್ಲೋ. ಮೂರನೇ ಸಲಾ ಕೇಳಿದ್ರ ನಾನ ಉತ್ತರಾ ಹೇಳಿಕೊಟ್ಟಂಗ ಆಗತಿತ್ತು." ಉಸಿರು ತೆಗೆದುಕೊಂಡು ಮುಂದುವರಿಸಿದರು, "ನಿನ್ನ ಪೇಪರ್ ಬರತೈತಿ ಅಂತ ಕಾಯಾಕತ್ತಿದ್ನಿ."

ತಂಗಿಯನ್ನು ಕರೆದು ಕೆಂಪು ಪೆನ್ನು ತರಿಸಿದರು. ನನ್ನ ಸೊಟ್ಟ ಸಾಲುಗಳ ಪಕ್ಕದಲ್ಲಿ ಹತ್ತಕ್ಕೆ ಒಂಬತ್ತು ಅಂತ ಬರೆದು, ಅದರ ಸುತ್ತ ಒಂದು ಗೆರೆ ಎಳೆದರು. "ಒಂದ ಯಾಕ ಕಳದೀನಿ, ಗೊತ್ತಾತಿಲ್ಲೋ?" ಅಂದರು. ಗೊತ್ತಾಯಿತು ಅಂತ ತಲೆಯಾಡಿಸಿದೆ. ನನಗೆ ಅಳು ಬಂದಿತ್ತು. ಹತ್ತಿರ ಕರೆದು, ಬೆನ್ನ ಮೇಲೆ ಕೈಯಿಟ್ಟು, "ಊಟಾ ಆತೇನು?" ಅಂತ ಕೇಳಿದರು.

ಅದಾಗಿ ತಿಂಗಳೊಳಗೆ ಅವರು ಹೋದರು. ನಿಪ್ಪಾಣಿಯಿಂದ ಆ ಇಬ್ಬರೂ ಬಂದಿದ್ದರು. ಹಿರಿಯಾಕೆಗೆ ಕೆಮ್ಮು ಇರಲಿಲ್ಲ. ಆಕೆ ಮೇಡಂ ಅವರ ಎಡಗಡೆಗೇ ಹೋಗಿ ಕುಳಿತು, ಕಿವಿಯ ಹತ್ತಿರ ಬಾಗಿ ಮರಾಠಿಯಲ್ಲಿ ಏನೋ ಹೇಳಿದಳು. ಬಹಳ ಹೊತ್ತು ಹೇಳಿದಳು, ಯಾರೂ ಅವಳನ್ನು ಎಬ್ಬಿಸಲಿಲ್ಲ. ಹೊರಗೆ ಬಂದ ಮೇಲೆ ಅವಳಿಗೂ ನನ್ನ ತಪ್ಪು ಹೇಳಿದೆ. "ಅಸೂ ದ್ಯಾ ಸರ್" ಅಂದಳು, ಇರಲಿ ಬಿಡಿ ಅಂತ.

ಈಗಲೂ ಪ್ರತಿ ವರ್ಷ ಕೊನೆಯ ಪರೀಕ್ಷೆ ಮುಗಿದಾಗ ಆ ರಿಜಿಸ್ಟರು ತೆಗೆಯುತ್ತೇನೆ. ಮೊದಲ ಫೋನು ಸೊನ್ನೆ ಬಂದವರಿಗೆ. ಮೇಡಂ ಕೆಂಪು ಪೆನ್ನಿನಲ್ಲಿ ಅಂಕ ಕೊಟ್ಟ ಆ ಹಾಳೆಯನ್ನು ಅವರ ತಂಗಿ ನನಗೇ ಕೊಟ್ಟಿದ್ದಾರೆ, ರಿಜಿಸ್ಟರಿನ ಒಳರಟ್ಟಿಗೆ ಅಂಟಿಸಿದ್ದೇನೆ. ನನ್ನ ಓದಿನಲ್ಲಿ ಬೇಕಾದಷ್ಟು ಸಲ ಹತ್ತಕ್ಕೆ ಹತ್ತು ತೆಗೆದವನು ನಾನು. ಆದರೆ ಈ ಒಂಬತ್ತನ್ನು ಮರುಮೌಲ್ಯಮಾಪನಕ್ಕೆ ಹಾಕುವ ಮನಸ್ಸು ನನಗಿಲ್ಲ.